ಆರು ದಿನಕ್ಕೆ ಮೂರು ಬ್ಯಾಗು

ಮಂಡ್ಯ
12 ಮಾರ್ಚ್ 2025

ಅಳಿಯಂದಿರಿಗೆ ಲೀಲಮ್ಮನ ಆಶೀರ್ವಾದ.

ಭಾನುವಾರ ನೀವು ಫೋನಿನಲ್ಲಿ ಹೇಳಿದ್ದು ನನಗೆ ತಲುಪಿದ್ದು ಹೀಗೆ: ಪ್ರಣಮ್ಯಾ ಫೋನು ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ನನ್ನ ಬಲಗಿವಿಯ ಹತ್ತಿರ ಬಾಯಿಟ್ಟು, "ಅಜ್ಜೀ, ಬೇಸಿಗೆ ರಜಕ್ಕೆ ನಮ್ಮನ್ನ ಚೆನ್ನೈಗೆ ಕಳಿಸ್ಬೇಕಂತೆ, ನೀನೂ ಬರ್ಬೇಕಂತೆ, ಹೂಂ ಅನ್ಲಾ?" ಎಂದು ಕೂಗಿದಳು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೂಂ ಅಂದಾಗಿತ್ತು. ನನ್ನ ಎಡಗಿವಿ ಪೂರ್ತಿ ಹೋಗಿದೆ. ಮಷಿನ್ನು ಹಾಕಿಕೊಂಡರೂ ಫೋನಿನಲ್ಲಿ ಬರೀ ಗುಂಯ್ ಎನ್ನುತ್ತದೆ. ನಿಮ್ಮ ಮಾತು ನನಗೆ, ನನ್ನ ಮಾತು ನಿಮಗೆ ಸಾಗಿಸಲು ನಡುವೆ ಏಳು ವರ್ಷದ ಹುಡುಗಿ ನಿಂತಿರುವಾಗ, ಅವಳು ಕೇಳಬಾರದ್ದನ್ನು ನಾವು ಆಡುವ ಹಾಗಿಲ್ಲ. ಅದಕ್ಕೇ ಈ ಕಾಗದ.

ಶಾಲೆ ಏಪ್ರಿಲ್ ಹತ್ತಕ್ಕೆ ಮುಗಿಯುತ್ತದೆ. ಎಷ್ಟು ದಿನಕ್ಕೆ ಎಂದು ತಿಳಿಸಿ. ಹದಿನಾರು ತಿಂಗಳ ಹಿಂದೆ, ನನ್ನ ಮಗಳು ಬೃಂದಾಳ ಉತ್ತರಕ್ರಿಯೆಯೆಲ್ಲ ಮುಗಿದ ಮಾರನೆಯ ದಿನ, ಇಬ್ಬರನ್ನೂ ಇಲ್ಲಿ ಬಿಟ್ಟು "ಸ್ವಲ್ಪ ದಿನ ಇಟ್ಕೊಂಡಿರಿ ಅತ್ತೆ" ಎಂದಿದ್ದಿರಿ. ಸ್ವಲ್ಪ ದಿನ ಎಂದರೆ ಎಷ್ಟು ಎಂದು ನಾನು ಆಗ ಕೇಳಲಿಲ್ಲ. ಈಗಲೂ ಕೇಳುತ್ತಿಲ್ಲ. ರಜಕ್ಕೆ ಎಷ್ಟು ದಿನ ಎಂದಷ್ಟೇ ಕೇಳುತ್ತಿದ್ದೇನೆ.

ವರುಣ್ ನಿಮ್ಮನ್ನು ಫೋನಪ್ಪ ಎನ್ನುತ್ತಾನೆ. ಬೇಸರ ಮಾಡಿಕೊಳ್ಳಬೇಡಿ. ಬೇರೆ ಮಕ್ಕಳ ಅಪ್ಪಂದಿರು ಸ್ಕೂಟರಿನಲ್ಲಿ ಬರುತ್ತಾರೆ, ಇವನ ಅಪ್ಪ ಫೋನಿನಲ್ಲಿ ಬರುತ್ತಾರೆ, ಅವನಿಗೆ ಅಷ್ಟೇ ವ್ಯತ್ಯಾಸ. ಹೋದ ದೀಪಾವಳಿಗೆ ನೀವು ಬಂದು ನಡುಮನೆಯ ಕುರ್ಚಿಯಲ್ಲಿ ಮಧ್ಯಾಹ್ನದವರೆಗೆ ಕೂತು ಎದ್ದುಹೋದಿರಲ್ಲ, ಆಮೇಲೆ ಎರಡು ದಿನ "ಆ ಮಾಮ ಯಾರು?" ಎಂದು ಅಕ್ಕನನ್ನು ಕೇಳುತ್ತಿದ್ದ. ಅವಳು, "ಅದೇ ಕಣೋ, ಫೋನಪ್ಪ" ಎಂದಳು. ಅವನು ನಂಬಲಿಲ್ಲ.

ಲೀಲಮ್ಮ


ವೇಲಚೇರಿ, ಚೆನ್ನೈ
20 ಮಾರ್ಚ್ 2025

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಆರು ದಿನ. ಏಪ್ರಿಲ್ 26ರ ಶನಿವಾರ ಬೆಳಿಗ್ಗೆಯಿಂದ ಮೇ 1ರ ಗುರುವಾರದವರೆಗೆ. ಮೇ 4ಕ್ಕೆ ಇಲ್ಲಿ ಕತ್ತಿರಿ ಬಿಸಿಲು, ವರ್ಷದಲ್ಲೇ ಅತಿ ಜೋರಾದ ಬಿಸಿಲು, ಶುರುವಾಗುತ್ತದೆ, ಅದರೊಳಗೆ ಮಕ್ಕಳು ಹಿಂತಿರುಗಬೇಕು. 25ರ ಕಾವೇರಿ ಎಕ್ಸ್‌ಪ್ರೆಸ್‌ನಲ್ಲಿ ಮಂಡ್ಯದಿಂದ ನಾಲ್ಕು ಟಿಕೆಟ್ ತೆಗೆದಿದ್ದೇನೆ: ನೀವು, ನಿಮ್ಮ ತಮ್ಮ ಸೀತಾರಾಮ ಮಾವ, ಪ್ರಣಮ್ಯಾ, ವರುಣ್. ವರುಣ್‌ಗೆ ಟಿಕೆಟ್ ಬೇಕಾಗಿಲ್ಲ. ಮಲಗಲು ಜಾಗವಿರಲೆಂದು ತೆಗೆದಿದ್ದೇನೆ. ವಾಪಸ್ ನಾನೇ ಕರೆತಂದು ಬಿಡುತ್ತೇನೆ.

ಶನಿವಾರ ವಿಶ್ರಾಂತಿ. ಭಾನುವಾರ ಬೆಸೆಂಟ್ ನಗರದ ಸಮುದ್ರತೀರ, ಬೆಳಿಗ್ಗೆ ಐದೂಮುಕ್ಕಾಲಿನಿಂದ ಏಳರವರೆಗೆ ಮಾತ್ರ. ಆಮೇಲೆ ಮರಳು ಕಾಲು ಸುಡುತ್ತದೆ. ಸೋಮವಾರ ಗಿಂಡಿಯ ಹಾವಿನ ಉದ್ಯಾನ, ಮಂಗಳವಾರ ಅದಕ್ಕೆ ರಜ. ಮಂಗಳವಾರ ನಮ್ಮ ಸ್ಟೇಷನ್ನಿನಿಂದ ಬೀಚ್ ಸ್ಟೇಷನ್ನಿನವರೆಗೆ ರೈಲಿನಲ್ಲಿ ಹೋಗಿ, ಇಳಿಯದೆ ವಾಪಸ್. ಎಣ್ಣೂರಿನ ವಿದ್ಯುತ್ ಸ್ಥಾವರಕ್ಕೆ ಕೆಲಸಕ್ಕೆಂದು ನಾನು ದಿನಾ ಹೋಗುವುದು ಇದೇ ರೈಲಿನಲ್ಲಿ. ಅರ್ಧ ದಾರಿ ಸೇತುವೆಯ ಮೇಲೆಯೇ ಓಡುತ್ತದೆ, ವರುಣ್‌ಗೆ ಇಷ್ಟವಾಗಬಹುದು. ಬುಧವಾರ ಏನೂ ಇಟ್ಟಿಲ್ಲ. ನಮ್ಮ ಕಟ್ಟಡದ ಪಕ್ಕದಲ್ಲೇ ಒಂದು ಶಾಲೆಯಿದೆ. ರಜದಲ್ಲಿ ಅದರ ಮೈದಾನಕ್ಕೆ ಅಕ್ಕಪಕ್ಕದ ಮಕ್ಕಳನ್ನು ಬಿಡುತ್ತಾರೆ, ಉಯ್ಯಾಲೆಗಳಿವೆ.

ಇಬ್ಬರ ಜನನ ಪ್ರಮಾಣಪತ್ರ, ಆಧಾರ್, ಲಸಿಕೆ ಹಾಕಿಸಿದ ಪುಸ್ತಕ, ತಲಾ ಎರಡು ಫೋಟೋ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಏಪ್ರಿಲ್ ಹತ್ತರೊಳಗೆ ಬೇಕು.

ರವಿಕಿರಣ್


ಮಂಡ್ಯ
29 ಮಾರ್ಚ್ 2025

ಅಳಿಯಂದಿರಿಗೆ.

ನೀವು ಕೇಳಿದ್ದೆಲ್ಲ ಇದರೊಂದಿಗಿದೆ. ಜೆರಾಕ್ಸ್ ಅಲ್ಲ, ಮೂಲಗಳನ್ನೇ ಇಟ್ಟಿದ್ದೇನೆ. ಇಂಥ ಕಡೆ ಮೂಲ ತೋರಿಸಿ ಎನ್ನುತ್ತಾರೆ. ಮೂವತ್ತೊಂದು ವರ್ಷ ಮೇಷ್ಟರಗಿರಿ ಮಾಡಿದವಳಿಗೆ ಅಷ್ಟು ಗೊತ್ತಿದೆ.

ನೀವು ಕೇಳದಿದ್ದರೂ ಬರೆಯುತ್ತೇನೆ. ಪ್ರಣಮ್ಯಾ ಓದುವುದರಲ್ಲಿ ಚುರುಕು, ಬರೆಯುವುದರಲ್ಲಿ ಅವಸರ. ಗಣಿತದಲ್ಲಿ ಕಳೆಯುವ ಲೆಕ್ಕಕ್ಕೆ ಬೆರಳು ಬೇಕು. ಅಲ್ಲಿದ್ದಾಗ ಕಲಿತ ತಮಿಳನ್ನು ಮರೆತಿದ್ದಾಳೆ, ಆದರೆ ನಿದ್ದೆಯಲ್ಲಿ ಒಮ್ಮೊಮ್ಮೆ "ವೇಂಡಾಂ" ಎನ್ನುತ್ತಾಳೆ, ಬೇಡ ಎಂದು. ಬೈದರೆ ಮಾತು ನಿಲ್ಲಿಸುತ್ತಾಳೆ. ಹೊಸ ಟೀಚರಿಗೆ ಇದು ಮೊದಲೇ ತಿಳಿದರೆ ಒಳ್ಳೆಯದು. ವರುಣ್ ಇನ್ನೂ ಎಡಗೈಯಲ್ಲಿ ಬರೆಯುತ್ತಾನೆ. ತಿದ್ದಬಾರದೆಂದು ನನ್ನ ಅಭಿಪ್ರಾಯ.

ನಾನು ಬರುವುದಿಲ್ಲ. ಮಂಡಿ ನೋವು, ರೈಲು ಹತ್ತುವುದು ಕಷ್ಟ. ಸೀತಾರಾಮ ಕರೆತರುತ್ತಾನೆ.

ನಿನ್ನೆ ವರುಣ್ ಕೇಳಿದ: "ಅಜ್ಜಿ, ಸಮುದ್ರಕ್ಕೆ ಬೀಗ ಹಾಕ್ತಾರಾ?" ಯಾಕಪ್ಪಾ ಎಂದರೆ, "ಅಪ್ಪ ಏಳು ಗಂಟೆವರ್ಗೂ ಅಷ್ಟೆ ಅಂದ್ರಲ್ಲ" ಎಂದ. ನಿಮ್ಮ ಕಾಗದವನ್ನು ಓದಿ ಹೇಳಿದ್ದೆ. ಕೊನೆಯ ಎರಡು ಸಾಲು ಬಿಟ್ಟು.

ಲೀಲಮ್ಮ


ವೇಲಚೇರಿ, ಚೆನ್ನೈ
9 ಏಪ್ರಿಲ್ 2025

ಅತ್ತೆಯವರಿಗೆ ನಮಸ್ಕಾರ.

ದಾಖಲೆಗಳು ತಲುಪಿದವು, ಅವುಗಳಿಂದ ಆಗಬೇಕಾದ ಕೆಲಸವೂ ಆಯಿತು. ನಕಲು ಸಾಕಿತ್ತು. ಮೂಲಗಳು ಬೀರುವಿನಲ್ಲಿವೆ, ಇಲ್ಲೇ ಇರಲಿ. ಮತ್ತೆ ಅಂಚೆಯಲ್ಲಿ ಕಳಿಸಿ ಕಳೆದುಕೊಳ್ಳುವುದು ಬೇಡ.

ಯಾವ ಹೊಸ ಟೀಚರ್ ಎಂದು ನನಗೆ ತಿಳಿಯಲಿಲ್ಲ. ಮುಂದಿನ ತರಗತಿಯವರು ಇರಬಹುದು.

ನಿಮ್ಮ ಟಿಕೆಟ್ ರದ್ದು ಮಾಡಿಲ್ಲ. ಮಂಡಿ ನೋವು ಕಡಿಮೆಯಾದರೆ ಬನ್ನಿ.

ಮನೆಯ ಎಂಟೂ ಕಿಟಕಿಗಳಿಗೆ, ಬಾಲ್ಕನಿಗೆ ಸೊಳ್ಳೆ ಜಾಲರಿ ಹಾಕಿಸಿದೆ. ಹಾಕುವವನು, "ಮೂನಾವದು ಮಾಡಿ ಸಾರ್, ಇಂಗೆ ಕೊಸುವೇ ವರಾದು, ಸುಮ್ಮಾ ಎದುಕ್ಕು?" ಎಂದ. ಮೂರನೇ ಮಹಡಿಗೆ ಸೊಳ್ಳೆ ಬರುವುದಿಲ್ಲವಂತೆ. ಹಾಕು ಎಂದೆ. ಬಚ್ಚಲಿನ ಗಾಳಿಕಿಂಡಿಯ ಜಾಲರಿಯಲ್ಲಿ ಒಂದು ಮೂಲೆ ಸರಿಯಾಗಿ ಕೂತಿರಲಿಲ್ಲ. ಮಾರನೆಯ ದಿನ ಮತ್ತೆ ಕರೆಸಿ ಮಾಡಿಸಿದೆ.

ಮಕ್ಕಳ ಕೋಣೆಯನ್ನು ಗುಡಿಸಿದ್ದೇನೆ. ವರುಣ್‌ನ ತೊಟ್ಟಿಲು ಕಟ್ಟುತ್ತಿದ್ದ ಕೊಂಡಿ ಸೂರಿನಲ್ಲೇ ಇದೆ. ತೆಗೆಯಲು ಏಣಿ ಬೇಕು.

ರವಿಕಿರಣ್


ಮಂಡ್ಯ
24 ಏಪ್ರಿಲ್ 2025
(ಮೂರನೆಯ ಬ್ಯಾಗಿನಲ್ಲಿ, ಬಟ್ಟೆಗಳ ಕೆಳಗೆ)

ಅಳಿಯಂದಿರಿಗೆ.

ಮೂರು ಬ್ಯಾಗು ನೋಡಿ ಸೀತಾರಾಮ, "ಏನಕ್ಕಾ ಇದು, ಆರು ದಿನಕ್ಕೆ ಇಷ್ಟೊಂದಾ? ಮಕ್ಕಳನ್ನ ಕಳಿಸ್ತಿದ್ದೀಯೋ, ಮನೆ ಖಾಲಿ ಮಾಡ್ತಿದ್ದೀಯೋ?" ಎಂದ. ಚೆನ್ನೈನಲ್ಲಿ ಬೆವರು ಜಾಸ್ತಿ, ಬಟ್ಟೆ ಸಾಲುವುದಿಲ್ಲ ಎಂದೆ.

ಕೆಂಪು ಬ್ಯಾಗು ಪ್ರಣಮ್ಯಾಳದು, ಹಸಿರು ವರುಣ್‌ದು. ಈ ಮೂರನೆಯದರಲ್ಲಿ ಉಳಿದದ್ದು. ವರುಣ್‌ಗೆ ಅನ್ನ ಮೊಸರು ಬೇರೆ ಬೇರೆ ಬಟ್ಟಲಲ್ಲಿ ಕೊಡಬೇಕು, ಕಲೆಸುವುದು ಅವನ ಕೆಲಸ. ನೀವು ಕಲೆಸಿದರೆ ತಿನ್ನುವುದಿಲ್ಲ. ಪ್ರಣಮ್ಯಾಳ ತಲೆ ಬಾಚುವಾಗ ಮೊದಲು ತುದಿಯಿಂದ ಸಿಕ್ಕು ಬಿಡಿಸಿ. ಜ್ವರದ ಔಷಧಿ ಪಕ್ಕದ ಜೇಬಿನಲ್ಲಿದೆ, ಅಳತೆಯನ್ನು ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ. ಬೃಂದಾಳ ಹಳೆಯ ನೀಲಿ ಸೀರೆಯ ತುಂಡು ವರುಣ್‌ಗೆ ಮಲಗುವಾಗ ಬೇಕು. ಅದು ಯಾರದೆಂದು ಅವನಿಗೆ ಗೊತ್ತಿಲ್ಲ. ಒಗೆಯಬಹುದು. ಸ್ವೆಟರುಗಳನ್ನು ಇಡಲಿಲ್ಲ, ನಿಮ್ಮ ಊರಿಗೆ ಬೇಡ.

ಶಾಲೆಯಿಂದ ತಂದ ಟಿ.ಸಿ. ಪ್ಲಾಸ್ಟಿಕ್ ಕವರಿನಲ್ಲಿದೆ. ಹೆಡ್ ಮಿಸ್ ಜಲಜಾ ನನ್ನ ಹಳೆಯ ವಿದ್ಯಾರ್ಥಿನಿ. "ಟೀಚರ್, ಅಲ್ಲಿ ಸೀಟು ಖಾತ್ರಿ ಆಯ್ತಾ? ಆಗ್ದೆ ಟಿ.ಸಿ. ಯಾಕೆ ತಗೊಳ್ತೀರಾ?" ಎಂದಳು. ಆಗಿದೆ ಎಂದೆ. ನೀವು ಬಾಯಿಬಿಟ್ಟು ಹೇಳಲಿಲ್ಲ. ಜನನ ಪ್ರಮಾಣಪತ್ರ, ಲಸಿಕೆ ಪುಸ್ತಕ, ಫೋಟೋ ಎಲ್ಲ ಒಟ್ಟಿಗೆ ಕೇಳುವುದು ಶಾಲೆಗೆ ಸೇರಿಸುವಾಗಲೇ. ಪಕ್ಕದಲ್ಲೇ ಶಾಲೆ ಇದೆ ಎಂದೂ ಬರೆದಿದ್ದಿರಿ. ಆರು ದಿನ ಎಂದು ಬರೆದದ್ದು ನನ್ನ ಮನಸ್ಸು ನೋಯಬಾರದೆಂದು ಎಂದುಕೊಂಡಿದ್ದೇನೆ.

ಮಕ್ಕಳು ನಿಮ್ಮವರು. ನಾನು ಒಂದು ಮಾತೂ ಆಡುವುದಿಲ್ಲ. ಅವರಿಗೆ ಮಾತ್ರ ವಿಷಯ ಹೇಳಿಲ್ಲ. ಗುರುವಾರ ಅಜ್ಜಿಮನೆಗೆ ವಾಪಸ್ ಹೋಗುತ್ತೇವೆ ಎಂದುಕೊಂಡು ಬರುತ್ತಿದ್ದಾರೆ. ಹೇಳುವುದನ್ನು ನಿಮಗೆ ಬಿಟ್ಟಿದ್ದೇನೆ.

ಲೀಲಮ್ಮ


ವೇಲಚೇರಿ, ಚೆನ್ನೈ
28 ಏಪ್ರಿಲ್ 2025

ಅತ್ತೆಯವರಿಗೆ.

ಮಕ್ಕಳು ಕ್ಷೇಮ. ಸೀತಾರಾಮ ಮಾವ ಶನಿವಾರವೇ ವಾಪಸ್ ಹೊರಟರು. ರೈಲಿನಲ್ಲಿ ವರುಣ್ ನಿಮ್ಮ ಖಾಲಿ ಬರ್ತಿನ ಮೇಲೆ ಯಾರನ್ನೂ ಕೂರಲು ಬಿಡಲಿಲ್ಲವಂತೆ. ಟಿಕೆಟ್ ನೋಡುವವರಿಗೂ "ಇದು ಅಜ್ಜಿ ಸೀಟು" ಎಂದನಂತೆ.

ಸ್ಟೇಷನ್ನಿನಲ್ಲಿ ನನ್ನನ್ನು ನೋಡಿ ಅಕ್ಕನ ಹಿಂದೆ ಸರಿದ. ಆಟೋದಲ್ಲಿ ಅಕ್ಕನಿಗೆ, "ಫೋನೊಳಗಿಂದ ಈಚೆ ಬಂದ್ಬಿಟ್ಟವ್ರೆ" ಎಂದ. ಭಾನುವಾರ ಸಮುದ್ರಕ್ಕೆ ಹೋದೆವು. ಆರು ಗಂಟೆ ಐದು ನಿಮಿಷಕ್ಕೆ ತಲುಪಿದೆವು, ಇಪ್ಪತ್ತು ನಿಮಿಷ ತಡ. ಅವನು ನೀರಿಗೆ ಇಳಿಯಲಿಲ್ಲ. ಬೀಗ ಎಲ್ಲಿ ಎಂದು ಕೇಳಿದ. ಪ್ರಣಮ್ಯಾ ಮಂಡಿಯವರೆಗೆ ಇಳಿದಳು. ಅಮ್ಮ ಎಲ್ಲಿ ನಿಲ್ಲುತ್ತಿದ್ದರು ಎಂದು ಕೇಳಿದಳು. ತೋರಿಸಿದೆ.

ಮೂರನೆಯ ಬ್ಯಾಗನ್ನು ನಿನ್ನೆ ಸಂಜೆ ತೆರೆದೆ. ಮೂರು ಸಲ ಫೋನು ಮಾಡಿದೆ.

ನಾನು ಯಾವ ಶಾಲೆಯಲ್ಲೂ ವಿಚಾರಿಸಿಲ್ಲ. ಆರು ದಿನ ಎಂದು ಬರೆದದ್ದು ಆರು ದಿನಕ್ಕೇ. ಆದರೆ ಟಿ.ಸಿ. ತರುವ ಮಟ್ಟಕ್ಕೆ ನೀವು ಬಂದಿದ್ದೀರಿ ಎಂದರೆ ಇಬ್ಬರನ್ನೂ ನೋಡಿಕೊಂಡು ದಣಿದಿದ್ದೀರಿ. ಅದು ನನಗೆ ಮೊದಲೇ ಹೊಳೆಯಬೇಕಿತ್ತು. ಅರವತ್ತೇಳು ವರ್ಷ, ಕಿವಿ, ಮಂಡಿ. ನೀವು ಹೇಳಬಹುದಿತ್ತು. ಪಕ್ಕದ ಶಾಲೆಯಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಹತ್ತರಿಂದ ಹನ್ನೆರಡರವರೆಗೆ ಕಚೇರಿ ತೆರೆದಿರುತ್ತದೆ ಎಂದು ಗೇಟಿನ ಬೋರ್ಡಿನಲ್ಲಿದೆ. ನಾಳೆ ಹೋಗುತ್ತೇನೆ.

ರವಿಕಿರಣ್


ಮಂಡ್ಯ
29 ಏಪ್ರಿಲ್ 2025

ಅಳಿಯಂದಿರಿಗೆ.

ಸೀತಾರಾಮ ಬಂದು ಎಲ್ಲ ಹೇಳಿದ. ಜಾಲರಿ ಚೆನ್ನಾಗಿದೆ ಎಂದ.

ಫೋನು ಆಗಾಗ ಬೆಳಗುತ್ತದೆ. ನೀವೇ ಇರಬೇಕು. ಎತ್ತಿದರೆ ಗುಂಯ್ ಎನ್ನುತ್ತದೆ. ಕೂಗಿ ಹೇಳುವವಳು ನಿಮ್ಮ ಹತ್ತಿರ ಇದ್ದಾಳೆ. ಆದ್ದರಿಂದ ಸ್ವಲ್ಪ ದಿನ ಮಾಡಬೇಡಿ.

ಇಲ್ಲಿ ವಿಶೇಷವಿಲ್ಲ. ಹಾಲು ಅರ್ಧ ಲೀಟರ್ ಸಾಕೆಂದು ಹೇಳಿದ್ದೇನೆ.

ಲೀಲಮ್ಮ


ಮಂಡ್ಯ
2 ಮೇ 2025

ರವಿಕಿರಣ್ ಅವರಿಗೆ.

ನಾನು ದಣಿದಿದ್ದೇನೆಂದು ನಿಮಗೆ ಯಾರು ಹೇಳಿದರು? ಹದಿನೇಳು ತಿಂಗಳಲ್ಲಿ ಒಂದು ದಿನ, ಒಂದು ಕಾಗದದಲ್ಲಿ ನಾನು ಹಾಗೆ ಹೇಳಿದ್ದೇನೆಯೇ? ನಲವತ್ತು ಮಕ್ಕಳ ತರಗತಿಯನ್ನು ಒಬ್ಬಳೇ ನೋಡಿಕೊಂಡವಳು ನಾನು. ಎರಡು ಮಕ್ಕಳಿಗೆ ದಣಿಯುತ್ತೇನೆಯೇ?

ನಿನ್ನೆ ಗುರುವಾರ. ನೀವು ಮೊದಲು ಬರೆದಿದ್ದ ಪ್ರಕಾರ ಅವರು ವಾಪಸ್ ಬರುವ ದಿನ. ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಸಾಯಂಕಾಲ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡೆ. ಎದುರುಮನೆ ಮಾನಸ, "ಯಾರ್ಗೆ ಕಾಯ್ತಿದ್ದೀರಾ ಟೀಚರ್?" ಎಂದು ಕೂಗಿದಳು. ಗಾಳಿಗೆ ಕೂತಿದ್ದೇನೆ ಎಂದೆ. ನಿಮ್ಮ ಕಾಗದ ಇವತ್ತು ಬೆಳಿಗ್ಗೆ ಬಂತು.

ನೀವು ಕರೆದುಕೊಳ್ಳುತ್ತಿದ್ದೀರಿ ಎಂದು ನಾನು ಕಳಿಸಿದೆ. ನಾನು ಕಳಿಸಿದೆ ಎಂದು ನೀವು ಇಟ್ಟುಕೊಳ್ಳುತ್ತಿದ್ದೀರಿ. ನಮ್ಮಿಬ್ಬರಲ್ಲಿ ಒಬ್ಬರಾದರೂ ಕೇಳಬಹುದಿತ್ತು. ಮಕ್ಕಳ ಕಾಗದಪತ್ರಗಳನ್ನು ಅಂಚೆಗೆ ಹಾಕುವ ದಿನ ಕೇಳಬೇಕೆಂದು ಪೆನ್ನು ಹಿಡಿದಿದ್ದೆ. ಹೌದು ಎಂದುಬಿಟ್ಟರೆ ಎಂದು ಬರೆಯಲಿಲ್ಲ.

ಮಂಡಿ ನೋವಿಲ್ಲ. ಬಂದಿದ್ದರೆ ಅವರನ್ನು ಬಿಟ್ಟು ಹಿಂತಿರುಗಿ ರೈಲು ಹತ್ತಬೇಕಾಗಿತ್ತು, ಅದಕ್ಕೆ ಬರಲಿಲ್ಲ.

ಜಲಜಾ ಸೀಟುಗಳನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಮೇ ತಿಂಗಳು ಮುಗಿಯುವವರೆಗೆ ಕಾಯುತ್ತಾಳಂತೆ.

ಒಂದು ವಿಷಯ ತಿಳಿಸಿ. ಶಾಲೆಗಲ್ಲದಿದ್ದರೆ ಆ ದಾಖಲೆಗಳು ನಿಮಗೆ ಯಾಕೆ ಬೇಕಿದ್ದವು?

ಲೀಲಮ್ಮ


ವೇಲಚೇರಿ, ಚೆನ್ನೈ
6 ಮೇ 2025

ಅತ್ತೆ,

ಆಸ್ಪತ್ರೆಯ ಕಾರ್ಡಿಗೆ.

ನಮ್ಮ ಸ್ಥಾವರದಲ್ಲಿ ನೌಕರರ ಮನೆಯವರ ಹೆಸರು ಸೇರಿಸಿ ಒಂದು ಕಾರ್ಡು ಕೊಡುತ್ತಾರೆ. ಅದು ಇದ್ದರೆ ಆಸ್ಪತ್ರೆಯಲ್ಲಿ ಏನನ್ನೂ ಕೇಳದೆ ಒಳಗೆ ಸೇರಿಸಿಕೊಳ್ಳುತ್ತಾರೆ. ಆರು ದಿನದಲ್ಲಿ ಯಾರಿಗಾದರೂ ಜ್ವರ ಬಂದರೆ ಎಂದು ಮೊದಲೇ ಮಾಡಿಸಿದೆ.

ಇದನ್ನು ನಿಮಗೆ ಯಾವತ್ತೂ ಹೇಳಿಲ್ಲ. 2023ರ ಆಗಸ್ಟಿನಲ್ಲಿ ನಾನು ಈ ಕೆಲಸಕ್ಕೆ ಸೇರಿದಾಗ ಆ ಕಾರ್ಡಿನ ಫಾರಂ ಕೊಟ್ಟಿದ್ದರು. ಎರಡೂ ಹೆರಿಗೆ ತವರಿನಲ್ಲಿ ಆದದ್ದರಿಂದ ಮಕ್ಕಳ ಜನನ ಪ್ರಮಾಣಪತ್ರಗಳು ನಿಮ್ಮ ಮನೆಯಲ್ಲಿದ್ದವು. ದೀಪಾವಳಿಗೆ ಬಂದಾಗ ತೆಗೆದುಕೊಂಡು ಹೋಗಿ ಎಲ್ಲರ ಹೆಸರನ್ನೂ ಒಟ್ಟಿಗೆ ತುಂಬೋಣ ಎಂದುಕೊಂಡೆ. ಫಾರಂ ಮೂರು ತಿಂಗಳು ನನ್ನ ಡ್ರಾಯರಿನಲ್ಲಿತ್ತು. ಬೃಂದಾಳ ಹೆಸರನ್ನು ಮೊದಲು ತುಂಬಬಹುದಿತ್ತು. ಅದಕ್ಕೆ ಜನನ ಪತ್ರ ಬೇಕಿರಲಿಲ್ಲ. ನವೆಂಬರಿನಲ್ಲಿ ಡೆಂಗ್ಯೂ ಎಂದು ಅವಳನ್ನು ಕರೆದುಕೊಂಡು ಹೋದಾಗ ಕೌಂಟರಿನಲ್ಲಿ ಕಾರ್ಡು ಕೇಳಿದರು. ನನ್ನದನ್ನು ಕೊಟ್ಟೆ. ಇದರಲ್ಲಿ ಇವರ ಹೆಸರಿಲ್ಲ ಎಂದರು. ನಾನು ಸುಮ್ಮನೆ ಬೇರೆ ಆಸ್ಪತ್ರೆಗೆ ಹೋಗಬಹುದಿತ್ತು, ಅಥವಾ ಕಾರ್ಡು ಬೇಡ, ಸೇರಿಸಿಕೊಳ್ಳಿ ಎನ್ನಬಹುದಿತ್ತು. ನಾನು ಕಚೇರಿಗೆ ಫೋನು ಮಾಡುತ್ತಾ ನಿಂತೆ. ಮಧ್ಯಾಹ್ನ ಎರಡು ಹತ್ತರಿಂದ ಮೂರು ಐವತ್ತರವರೆಗೆ ಅವಳು ಬೆಂಚಿನ ಮೇಲೆ ಕೂತಿದ್ದಳು. ಒಮ್ಮೆ ಮಾತ್ರ, "ರೀ, ಇನ್ನೂ ಎಷ್ಟೊತ್ತಾಗುತ್ತೆ?" ಎಂದಳು. ಐದು ನಿಮಿಷ ಎಂದೆ.

ಮೊದಲೇ ಸೇರಿಸಿದ್ದರೂ ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಎರಡನೇ ಸಲ ಕೇಳಲಿಲ್ಲ.

ಆಮೇಲೆ ಮಕ್ಕಳನ್ನು ನಿಮ್ಮಲ್ಲಿ ಬಿಟ್ಟೆ. ನನಗಿಂತ ನಿಮ್ಮ ಹತ್ತಿರ ಅವರು ಕ್ಷೇಮ ಎನಿಸಿತು. ಈಗಲೂ ಹಾಗೇ ಅನಿಸುತ್ತದೆ.

ಗುರುವಾರ ಬೆಳಿಗ್ಗೆ ಪ್ರಣಮ್ಯಾ ತಾನೇ ಎದ್ದು ಕೆಂಪು ಬ್ಯಾಗಿಗೆ ಬಟ್ಟೆ ತುಂಬಿಕೊಂಡು ಬಾಗಿಲ ಹತ್ತಿರ ಇಟ್ಟಳು. "ಅಪ್ಪ, ಟ್ರೈನು ಎಷ್ಟೊತ್ತಿಗೆ?" ಎಂದಳು. ಇವತ್ತು ಹೋಗುತ್ತಿಲ್ಲ ಎಂದೆ. "ನಾಳೆ?" ಎಂದಳು. ಗೊತ್ತಿಲ್ಲ ಎಂದೆ. ಬ್ಯಾಗು ಇನ್ನೂ ಬಾಗಿಲ ಹತ್ತಿರವೇ ಇದೆ. ದಿನಾ ಬೇಕಾದ ಬಟ್ಟೆಯನ್ನು ಅದರಿಂದ ತೆಗೆದುಕೊಂಡು, ಒಗೆದದ್ದನ್ನು ಮತ್ತೆ ಅದರಲ್ಲೇ ಇಡುತ್ತಾಳೆ. ವರುಣ್ ಮಾತ್ರ ಮೂರು ದಿನದಿಂದ ನನ್ನ ತಟ್ಟೆಯ ಅನ್ನವನ್ನೂ ತಾನೇ ಕಲೆಸಿಕೊಡುತ್ತಿದ್ದಾನೆ. ತಿನ್ನುತ್ತೇನೆ.

ಪಕ್ಕದ ಶಾಲೆಯಲ್ಲಿ ಜಾಗವಿದೆ. ಮೇ 20ರೊಳಗೆ ಹೇಳಬೇಕು. ಜಲಜಾ ಅವರೂ ಕಾಯುತ್ತಾರೆ ಎಂದಿದ್ದೀರಿ. ನೀವು ಹೇಳಿದ ಹಾಗೆ ಮಾಡುತ್ತೇನೆ.

ಮಕ್ಕಳು ನನಗೆ ಬೇಕೋ ಬೇಡವೋ ಎಂದು ನೀವು ಕೇಳಲಿಲ್ಲ. ನಾನೂ ಹೇಳಿರಲಿಲ್ಲ. ಬೇಕು. ನೋಡಿಕೊಳ್ಳಲು ಆಗುತ್ತದೋ ಇಲ್ಲವೋ ತಿಳಿಯದು.

ರವಿಕಿರಣ್


ಮಂಡ್ಯ
11 ಮೇ 2025

ರವಿ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಬೆಂಚಿನ ವಿಷಯ ಓದಿ ಎದ್ದು ಹೋಗಿ ಪಾತ್ರೆ ತೊಳೆದೆ. ತೊಳೆದಿದ್ದ ಪಾತ್ರೆಗಳನ್ನೇ. ಆ ದಾಖಲೆಗಳನ್ನು ಆಗಲೇ ಕಳಿಸು ಎಂದು ಬೃಂದಾ ಸೆಪ್ಟೆಂಬರಿನಲ್ಲಿ ನನಗೆ ಹೇಳಿದ್ದಳು. ಹಬ್ಬಕ್ಕೆ ಹೇಗೂ ಬರುತ್ತೀರಲ್ಲ ಎಂದು ನಾನೇ ಸುಮ್ಮನಿದ್ದೆ. ಇದನ್ನು ನಾನೂ ನಿನಗೆ ಹೇಳಿರಲಿಲ್ಲ.

ಪಕ್ಕದ ಶಾಲೆಯವರಿಗೆ ಹೂಂ ಎಂದು ಹೇಳು. ಜಲಜಾಗೆ ನಾನು ಹೇಳುತ್ತೇನೆ.

ಪ್ರಣಮ್ಯಾಗೆ ವಿಷಯವನ್ನು ನೀನು ಹೇಳಬೇಡ, ನಾನೇ ಹೇಳುತ್ತೇನೆ. ಸೀತಾರಾಮ 17ರ ಕಾವೇರಿಗೆ ಒಂದು ಟಿಕೆಟ್ ತೆಗೆದಿದ್ದಾನೆ. ಕೆಳಗಿನ ಬರ್ತು. ಕತ್ತಿರಿ ಬಿಸಿಲು ನಿನ್ನ ಊರಿನಲ್ಲಿ ಅಷ್ಟು ಜೋರೇ ಎಂದು ನೋಡಬೇಕು. ಸಮುದ್ರವನ್ನೂ ನೋಡಿಲ್ಲ. ಮಾತಾಡುವುದಿದ್ದರೆ ನನ್ನ ಬಲಗಡೆ ಕೂತು ಆಡು, ಮಕ್ಕಳು ಮೈದಾನಕ್ಕೆ ಹೋದಾಗ. ಸ್ವಲ್ಪ ಜೋರಾಗಿ.

ಈ ಮನೆ ಬಾಡಿಗೆಯದು. ಜೂನ್ ಕೊನೆಗೆ ಬಿಡುತ್ತೇನೆಂದು ಮಾನಸಳ ಮಾವನಿಗೆ ತಿಳಿಸಿದ್ದೇನೆ, ಮನೆ ಅವರದೇ. ನಿನ್ನನ್ನು ಕೇಳಿಲ್ಲ. ಕೇಳಬೇಕೋ ಬೇಡವೋ ಎಂದು ಕಾದದ್ದು ಸಾಕು. ನಾನು ನಿಮ್ಮ ಜೊತೆ ಬಂದಿರುವುದು ನಿನಗೆ ಬೇಡವಾದರೆ ಹೇಳು, ಬೇರೆ ಬಾಡಿಗೆ ಮನೆ ಈ ಊರಿನಲ್ಲಿ ಸಿಗುತ್ತದೆ.

ಇದರೊಂದಿಗೆ ನನ್ನ ಆಧಾರ್ ನಕಲು, ಎರಡು ಫೋಟೋ ಇಟ್ಟಿದ್ದೇನೆ. ನಿಮ್ಮ ಕಾರ್ಡಿನಲ್ಲಿ ಅತ್ತೆಯ ಹೆಸರು ಬರೆಯಲು ಜಾಗ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ಕೊಡದಿದ್ದರೆ ಮಕ್ಕಳ ಕಾಗದಗಳ ಜೊತೆ ಬೀರುವಿನಲ್ಲಿಡು.

ಲೀಲಮ್ಮ